ತಿಳಿನೀಲಿಯ ನಡುವೆ ಕೆಂಪು ಸೀರೆ

“ಏ ಮಾವಶಿ, ಬಾಹೇರ್ ಜಾ!” ಎಂದು ಕ್ಯಾಮೆರಾದವನು ಮರಾಠಿಯಲ್ಲಿ ಕೂಗಿ ಹೊರಗಿನ ದಾರಿ ತೋರಿಸಿದ. ಬಾಗಿಲ ಬಳಿ ಕೆಂಪು ಸೀರೆಯ ಹೆಂಗಸೊಬ್ಬಳು ನಿಂತಿದ್ದಳು. ಖರಾಡಿಯ ಆ ಸಭಾಂಗಣದಲ್ಲಿ ನನ್ನ ಹಳೆಯ ಕಂಪನಿಯ ವಾರ್ಷಿಕ ಸಮಾರಂಭ. ವೇದಿಕೆಯ ಬಟ್ಟೆ, ಹೂವು, ಚಹಾದ ಲೋಟ, ನಿವೃತ್ತರಾದ ನಮಗೆ ಹೊದಿಸಿದ ಶಾಲು, ಎಲ್ಲವೂ ಒಂದೇ ತಿಳಿನೀಲಿ. ವಿಡಿಯೊದಲ್ಲಿ ಕೆಂಪು ಕಾಣಲೇಬಾರದೆಂದು ಕಟ್ಟಪ್ಪಣೆಯಾಗಿತ್ತು.

“ಏನ್ ಅವಸರ ಅದ ಇವಂಗ!” ಎಂದು ಅವಳು ಕನ್ನಡದಲ್ಲಿ ಗೊಣಗಿದಳು.

“ಯಾಕವ್ವಾ, ಏನ್ ಬೇಕಾಗಿತ್ತು?” ಎಂದೆ.

“ಎರಡ್ ದಿನ ಈ ಬಟ್ಟಿ ಎಲ್ಲಾ ನಾನೇ ಕಟ್ಟೀನ್ರಿ ಅಜ್ಜಾರ. ದೀಪ ಹಚ್ಚಿದ್ರ ಹ್ಯಾಂಗ ಕಾಣ್ತದ, ಒಮ್ಮಿ ನೋಡಿ ಹೋಗ್ತೀನ್ರಿ.”

ಇಡೀ ಆಯುಷ್ಯ ನಿಯಮ ಪಾಲಿಸಿದವನು ನಾನು. ಶಾಲು ತೆಗೆದು ಅವಳಿಗೆ ಕೊಟ್ಟೆ. “ಹೊದ್ಕೊಂಡು ನನ್ನ ಬಾಜೂಕ ಕೂಡವ್ವಾ. ನೀಲಿ ಬೇಕಂದ್ರ ನೀಲಿ.” ನನ್ನ ಬಿಳಿ ಅಂಗಿಗೆ ಯಾರ ತಕರಾರೂ ಇರಲಿಲ್ಲ. ಅವಳು ತಲೆಯಿಂದ ಮೊಣಕಾಲಿನವರೆಗೆ ಹೊದ್ದು ಕುಳಿತಳು. ಕ್ಯಾಮೆರಾದವನು ಕ್ಯಾಮೆರಾವನ್ನು ವೇದಿಕೆಯತ್ತ ತಿರುಗಿಸಿದ.

ಸಭಾಂಗಣ ಕತ್ತಲಾಯಿತು. ಮರುಕ್ಷಣ ವೇದಿಕೆ ಮೆಲ್ಲಗೆ ಬೆಳಗಿ, ಬಟ್ಟೆಯ ಒಂದೊಂದು ನೆರಿಗೆಯೂ ತೇಲತೊಡಗಿತು. ಕೆರೆಯ ತಳದಲ್ಲಿ ಕುಳಿತು ಆಕಾಶ ನೋಡಿದಂತಿತ್ತು.

“ಇದು ನಾ ಕಟ್ಟಿದ್ದ ಏನ್ರಿ?” ಎಂದು ಅವಳು ಪಿಸುಗುಟ್ಟಿದಳು.

ಆಮೇಲಿನ ಭಾಷಣ ಒಂದೂ ನೆನಪಿಲ್ಲ. ಆ ಕಂಪನಿಯ ಉಗ್ರಾಣದಲ್ಲಿ ಮೂವತ್ತು ವರ್ಷ ಬಿಡಿಭಾಗಗಳನ್ನು ಎಣಿಸಿ ಕೊಟ್ಟ ನಾನು, ಅವುಗಳಿಂದಾದ ಯಂತ್ರ ಓಡುವುದನ್ನು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಅದು ನನಗೆ ಹೊಳೆದದ್ದು ಅವಳ ಪಕ್ಕದಲ್ಲಿ, ಆ ನೀಲಿ ಬೆಳಕಿನಲ್ಲಿ.