ಬಾವಿಯ ಫೌಜದಾರಮ್ಮ

ಗುಂಡಾಳಕ್ಕೆ ಹೆಣ್ಣು ಕೊಡಬೇಕಾದರೆ ಸುತ್ತಲಿನ ಊರಿನವರು ಹಿಂದೆ ಮುಂದೆ ನೋಡುತ್ತಿದ್ದ ಕಾಲವೊಂದಿತ್ತು. ನ್ಯಾಲ್ಕಲ್ ಕಡೆ ಯಾರಾದರೂ ಕುಂಟುತ್ತ ನಡೆದರೆ ಸಾಕು, "ಗುಂಡಾಳದಾಂವ ಇರಬೇಕು ಬಿಡು" ಎಂದು ನಗುತ್ತಿದ್ದರು. ಕಾರಣ ನಾರುಹುಣ್ಣು. ಉಗಾದಿ ದಾಟಿ ಬಿಸಿಲೇರಿತೆಂದರೆ ಯಾರದೋ ಹಿಮ್ಮಡಿಯಲ್ಲಿ, ಯಾರದೋ ಮೊಣಕಾಲಲ್ಲಿ ಗುಳ್ಳೆ ಎದ್ದು ಒಡೆದು, ಬಿಳಿ ದಾರದಂಥ ಹುಳು ಹೊರಗೆ ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದಿಷ್ಟೇ ಎಳೆಯಬೇಕು. ಅವಸರ ಮಾಡಿದರೆ ಒಳಗೇ ಹರಿದು ಕಾಲು ಬಾತುಹೋಗುತ್ತದೆ. ಮುಂಗಾರಿನ ಮೊದಲ ಮಿರಗದ ಮಳೆಗೆ ಲೋಕವೆಲ್ಲ ಬಿತ್ತುವಾಗ ಈ ಊರಿನ ಗಂಡಸರು ಹೊರಸಿನ ಮೇಲೆ ಕಾಲು ಚಾಚಿ ಮಲಗಿರುತ್ತಿದ್ದರು.

ಶಂಕರಮ್ಮನ ಗಂಡ ಸಾಯಪ್ಪ ಹಾಗೆ ಮಲಗಿದವನೇ. ಹುಳು ಮೊಣಕಾಲಲ್ಲಿ ಹರಿದು, ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಆ ಸಲ ಶಂಕರಮ್ಮ ಮಂದಿಯ ಮಾತಿಗೆ ಕಿವಿಗೊಡದೆ ತಾನೇ ಕೂರಿಗೆ ಹಿಡಿದು ಬಿತ್ತಿದಳು. ಸೊಂಟ ಬಿದ್ದುಹೋಗುವಷ್ಟು ದಣಿದು ಮನೆಗೆ ಬಂದರೆ ಮಗಳು ಕೌಶಲ್ಯಾ ರೊಟ್ಟಿ ಬಡಿಯುತ್ತ ಕೂತಿದ್ದಳು. ಹರೆಯದ ಹುಡುಗಿ. ಒಲೆಯ ಬೆಳಕಿನಲ್ಲಿ ಅವಳ ಕಾಲು ನುಣ್ಣಗೆ, ಒಂದು ಕಲೆಯಿಲ್ಲದೆ ಕಾಣುತ್ತಿತ್ತು. ಈ ಕಾಲನ್ನಾದರೂ ಉಳಿಸಿಕೊಳ್ಳಬೇಕು ಎಂದು ಶಂಕರಮ್ಮ ಅಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. ಆದರೆ ಯಾರೊಡನೆ ಹೊಡೆದಾಡಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಅದನ್ನು ತಿಳಿಸಿದವನು ವೈಜಿನಾಥ. ಝರಾಸಂಗಂ ಕಡೆಯ ಹುಡುಗ, ಆಸ್ಪತ್ರೆಯ ನೌಕರಿ. ಎಂಬತ್ತರ ದಶಕದ ನಡುವಿನ ಮಾತು. ಸೈಕಲ್ ಮೇಲೆ ಬಂದು ಬೇವಿನ ಗಿಡದ ಕೆಳಗೆ ಊರವರನ್ನು ಕೂಡಿಸಿದ.

"ಜಗತ್ತಿನ ದೇಶಗಳೆಲ್ಲಾ ಕೂಡಿ ಈ ರೋಗದ ಬೇರು ಕೀಳಬೇಕಂತ ಮಾತಾಡ್ಕೊಂಡಾವ. ನೀರಿಗೆ ಹಾಕೋ ಔಷಧ ಒಂದ್ ದೇಶದ್ದು, ರೊಕ್ಕ ಇನ್ನೊಂದ್ ದೇಶದ್ದು, ಡಾಕ್ಟರ್ ಮಗದೊಂದ್ ದೇಶದವ್ರು" ಎಂದ.

"ಹುಳ ಮಾತ್ರ ನಮ್ದು ಅನ್ನು!" ಎಂದಳು ಮುದುಕಿ ಹಣಮಮ್ಮ. ಎಲ್ಲರೂ ನಕ್ಕರು.

"ಅದೂ ನಮ್ಮೊಬ್ಬರದೇ ಅಲ್ಲಾಯಿ. ಆಫ್ರಿಕಾದಾಗೂ ಅದ. ಈಗ ಹೇಳ್ರಿ, ಹುಣ್ಣು ಉರಿಯಾಕ ಹತ್ತಿದ್ರ ಏನ್ ಮಾಡ್ತೀರಿ?"

"ಏನ್ ಮಾಡೋದು, ಬಾವ್ಯಾಗ ಕಾಲು ಇಳಿಬಿಟ್ಟು ಕೂಡ್ತೀವಿ. ತಣ್ಣಗಾಗ್ತದ."

"ಅಲ್ಲೇ ಅದ ನೋಡ್ರಿ ಎಲ್ಲಾ. ನೀವು ಕಾಲು ಇಟ್ಟ ಕೂಡ್ಲೇ ಹುಳ ನೀರಾಗ ಮರಿ ಬಿಡ್ತದ. ಆ ನೀರು ಸೋಸದೇ ಕುಡದೋರಿಗೆ ಮುಂದಿನ ವರ್ಷ ಹುಣ್ಣು."

ಗುಂಡಾಳಕ್ಕೆ ಇದ್ದದ್ದು ಒಂದೇ ಬಾವಿ, ಕಲ್ಲುಮೆಟ್ಟಿಲಿನ ಪಾವಟಿಗೆ ಇಳಿದು ಕೊಡ ಮುಳುಗಿಸುವಂಥದ್ದು. ಶಂಕರಮ್ಮನ ಕಣ್ಣ ಮುಂದೆ ಅದರ ಕೆಳಗಿನ ಪಾವಟಿಗೆ ಬಂದು ನಿಂತಿತು. ಸಾಯಪ್ಪ ಅಲ್ಲಿ ಕೂತು ನರಳಿದ್ದ, ಅವನಿಗಿಂತ ಮೊದಲು ಅವಳ ಅತ್ತೆ ಕೂತಿದ್ದಳು. ತಾನೂ ಕೂತಿದ್ದಳು. ಹೊಡೆದಾಡಬೇಕಾದದ್ದು ಯಾರೊಡನೆ ಎಂಬುದು ಈಗ ತಿಳಿಯಿತು.

ಮರುದಿನದಿಂದ ಬೆಳಿಗ್ಗೆ ಸಂಜೆ ನೀರು ತುಂಬುವ ಹೊತ್ತಿಗೆ ಅವಳು ಬಾವಿಯ ಮೇಲಿನ ಪಾವಟಿಗೆಯಲ್ಲಿ ನಿಂತಳು. ಬಂದವರೆಲ್ಲ ಕಾಲು ತೋರಿಸಿ ಇಳಿಯಬೇಕು. ಹುಣ್ಣಿದ್ದವರು ಮೇಲೇ ನಿಲ್ಲಬೇಕು, ಅವರ ಕೊಡ ಇವಳು ತುಂಬಿ ಕೊಡುತ್ತಾಳೆ. ಮನೆಗೆ ಒಯ್ದ ನೀರನ್ನು ಎರಡು ಪದರ ಅರಿವೆಯಲ್ಲಿ ಸೋಸಿಯೇ ಕುಡಿಯಬೇಕು.

"ಬಾವಿಗಿ ಫೌಜದಾರ ಬಂದಾಳ್ರೇ! ಲಾಠಿ ಎಲ್ಲವ್ವಾ?" ಎಂದು ಹೆಂಗಸರು ಕಾಡಿದರು.

"ಲಾಠಿ ಯಾಕ, ಬಾಯಿ ಇಲ್ಲೇನು ನಂದು?" ಎಂದಳು ಶಂಕರಮ್ಮ. ಬಾಯಿ ಇದ್ದದ್ದು ನಿಜ. ಅದಕ್ಕೆ ಅಂಜಿ ಒಬ್ಬೊಬ್ಬರೇ ಕಾಲು ತೋರಿಸತೊಡಗಿದರು.

ತೋರಿಸದೆ ಉಳಿದವರು ಸಾಹುಕಾರ ಮಾಣಿಕಪ್ಪನವರು. ಲಿಂಗಾಯತರ ದೊಡ್ಡ ಮನೆ. ಲಿಂಗಪೂಜೆಯ ನೀರನ್ನು, ಅಗ್ಘವಣಿಯನ್ನು, ಆಳಿನ ಕೈಯಲ್ಲಿ ತರಿಸಿದವರಲ್ಲ. ನಸುಕಿನಲ್ಲೇ ಮಿಂದು, ಒದ್ದೆ ಧೋತರ ಉಟ್ಟು, ತಾವೇ ಬಾವಿಗಿಳಿದು ತಂಬಿಗೆ ತುಂಬುತ್ತಿದ್ದರು. ಆ ಹೊತ್ತಿನಲ್ಲಿ ಯಾರನ್ನೂ ಮುಟ್ಟುವಂತಿಲ್ಲ, ಯಾರೊಡನೆಯೂ ಮಾತಾಡುವಂತಿಲ್ಲ. ಒಂದು ಮಾತು ಹೊರಬಿದ್ದರೂ ತಿರುಗಿ ಮನೆಗೆ ಹೋಗಿ ಮೀಯಬೇಕು. ಅವರ ಮನೆಯಲ್ಲಿ ಹಿಂದಿನಿಂದಲೂ ಸೋಸಿದ ನೀರೇ. ಆದರೆ ಹಿಂದಿನ ವರ್ಷ ಹೊಲಕ್ಕೆ ಹೋದಾಗ ಯಾವುದೋ ಹೊಂಡದ ನೀರು ಕುಡಿದಿರಬೇಕು, ಆ ಬೇಸಿಗೆಯಲ್ಲಿ ಎಡಗಾಲು ಊರಿ ನಡೆಯಲು ಅವರಿಗೆ ಕಷ್ಟವಾಗುತ್ತಿತ್ತು. ಧೋತರ ಮಾತ್ರ ಎಂದಿಗಿಂತ ಕೆಳಗೆ ಇಳಿದಿತ್ತು.

ಶಂಕರಮ್ಮ ಅದನ್ನು ಕಂಡಳು. ಮಾರನೆಯ ನಸುಕಿನಲ್ಲಿ ಅವರಿಗಿಂತ ಮೊದಲೇ ಹೋಗಿ ಪಾವಟಿಗೆಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತಳು. ಮಾಣಿಕಪ್ಪನವರು ಬಂದು ಎದುರು ನಿಂತು ಕಣ್ಣು ಕೆಕ್ಕರಿಸಿದರು. ತಳ್ಳಿ ಇಳಿಯೋಣವೆಂದರೆ ಮೈಲಿಗೆ. ಬೈಯೋಣವೆಂದರೆ ಮೌನ ಮುರಿಯುತ್ತದೆ.

"ಹಿಂಗ್ಯಾಕ ನೋಡ್ತೀರಿ ಸಾವ್ಕಾರ್ರ? ನನ್ನ ಕಾಲಾಗ ನಾರಿಲ್ಲ ಅಂತ ಒಂದ್ ಮಾತ್ ಅನ್ರಿ, ಹಾದಿ ಬಿಡ್ತೀನಿ."

ಸಾಹುಕಾರರು "ಹ್ಞೂಂ!" ಎಂದು ಹೂಂಕರಿಸಿ ಕೈಯಿಂದ ಸರಿ ಸರಿ ಎಂದರು.

"ಹ್ಞೂಂ ಅಂದ್ರ ಅದ ಅಂತೋ, ಇಲ್ಲ ಅಂತೋ?"

ಅಷ್ಟು ಹೊತ್ತಿಗೆ ಕೊಡ ಹಿಡಿದ ಹೆಂಗಸರು ಕೂಡಿದ್ದರು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಮಾಣಿಕಪ್ಪನವರ ಕಿವಿ ಕೆಂಪಾಯಿತು. ಶಂಕರಮ್ಮನೂ ಒಳಗೊಳಗೇ ಲೆಕ್ಕ ಹಾಕಿದಳು. ನಾಳೆ ಇವರು ಪಂಚರನ್ನು ಕೂಡಿಸಿದರೆ ತನ್ನ ಪರ ನಿಲ್ಲುವವರು ಯಾರು? ಆದರೆ ಆ ಎಡಗಾಲು ಇವತ್ತು ನೀರು ಮುಟ್ಟಿದರೆ ಮುಂದಿನ ವರ್ಷ ಕಡ್ಡಿಗೆ ಹುಳು ಸುತ್ತಿಕೊಂಡು ಕೂರುವವಳು ಕೌಶಲ್ಯಾ.

ಅವಳು ದನಿ ತಗ್ಗಿಸಿದಳು. "ನಿಮ್ಮ ಪೂಜಿ ಕೆಡಸಾಕ ಬಂದಿಲ್ರಿ. ನಾ ತುಂಬಿಕೊಟ್ರ ನಿಮಗ ನಡ್ಯಂಗಿಲ್ಲ, ಅದೂ ಗೊತ್ತದ. ನಿಮ್ಮ ಕೈಯಿಂದಾನೇ ತಗೋರಿ. ಕಾಲಷ್ಟೇ ಮ್ಯಾಲಿರ್ಲಿ."

ಹೀಗೆಂದು ಸೊಂಟಕ್ಕೆ ಸುತ್ತಿಕೊಂಡು ತಂದಿದ್ದ ಹೊಸ ಹಗ್ಗವನ್ನು ಬಿಚ್ಚಿ ಬಾವಿಯ ಕಟ್ಟೆಯ ಮೇಲಿಟ್ಟು, ದೂರ ಸರಿದು ನಿಂತಳು.

ಮಾಣಿಕಪ್ಪನವರು ಹಗ್ಗ ನೋಡಿದರು, ಅವಳನ್ನು ನೋಡಿದರು. ಆಮೇಲೆ ಮಡಿಗೆಂದು ಒದ್ದೆ ಧೋತರದ ಅಂಚು ಹಿಂಡಿ ಹಗ್ಗಕ್ಕೆ ನೀರು ಚಿಮುಕಿಸಿ, ತಂಬಿಗೆಯ ಕೊರಳಿಗೆ ಬಿಗಿದು ಕೆಳಗೆ ಬಿಟ್ಟರು. ಸೇದಿದ್ದು ರೂಢಿಯಿಲ್ಲದ ಕೈ, ಅರ್ಧ ನೀರು ತುಳುಕಿತು. ಉಳಿದರ್ಧ ಹಿಡಿದುಕೊಂಡು ಕುಂಟುತ್ತ ಹೊರಟುಹೋದರು.

ಬೈಗಳು ಬರುತ್ತವೆಂದು ಶಂಕರಮ್ಮ ಕಾದಳು. ಸಂಜೆ ಬಂದದ್ದು ಬಡಿಗ. ಸಾಹುಕಾರರೇ ಕಳಿಸಿದ್ದರು, ಬಾವಿಯ ಮೇಲೆ ಎರಡು ಕಂಬ ನೆಟ್ಟು ರಾಟಿ ಕೂಡಿಸಲು. ವೈಜಿನಾಥನಿಗೂ ಕರೆ ಹೋಗಿತ್ತು, ಕಾಲಿಗೆ ಪಟ್ಟಿ ಕಟ್ಟಲು. ಅವರ ಹೆಂಡತಿ ಸುಂದರಬಾಯಿ ಎದುರಾದಾಗ ಸೆರಗು ಬಾಯಿಗಿಟ್ಟು ನಕ್ಕು, "ಮೂವತ್ತು ವರ್ಷದಾಗ ನನ್ನ ಮಾತು ಒಂದೂ ಕೇಳಿಲ್ಲವ್ವಾ. ನೀ ಹ್ಯಾಂಗ್ ಕೇಳ್ಸಿದಿ?" ಎಂದಳು.

"ನೀವೂ ನಸಿಕಿನ್ಯಾಗ ಹೇಳಿ ನೋಡ್ರಿ ಬಾಯಿ. ಆವಾಗ ಅವ್ರಿಗಿ ಬಾಯಿಲ್ಲ."

ಮರುವರ್ಷ ಬಿಸಿಲು ಬಂತು. ಇಡೀ ಊರು ತನ್ನ ಕಾಲು ತಾನು ನೋಡಿಕೊಳ್ಳುತ್ತ ಕೂತಿತ್ತು. ಒಂದು ದಿನ ಕೌಶಲ್ಯಾಳ ಹಿಮ್ಮಡಿಯ ಮೇಲೆ ಗುಳ್ಳೆ ಕಂಡಿತು. ಶಂಕರಮ್ಮ ಊಟ ಬಿಟ್ಟು ಕೂತಳು. ವೈಜಿನಾಥ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾರಲ್ಲಕ್ಕಾ ಇದು, ಜಹೀರಾಬಾದದ ಹೊಸ ಚಪ್ಪಲಿ ಕಚ್ಚ್ಯಾದ!" ಶಂಕರಮ್ಮ ಅಳುತ್ತ ನಕ್ಕಳು. ಆ ವರ್ಷ ಮಿರಗಕ್ಕೆ ಗುಂಡಾಳದ ಒಂದು ಹೊರಸಿನ ಮೇಲೂ ಯಾರೂ ಮಲಗಿರಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೇ.

ಆಗ ಜೀಪು ಬಂತು. ಸೂಟಿನ ಒಬ್ಬ ಅಧಿಕಾರಿ, ಜೊತೆಗೆ ಎತ್ತರದ, ಎರೆಮಣ್ಣಿನ ಬಣ್ಣದ ಒಬ್ಬ ಡಾಕ್ಟರು. ಆಫ್ರಿಕಾದ ಘಾನಾ ದೇಶದವರು, ಗುಂಡಾಳದಲ್ಲಿ ರೋಗ ಹೋದದ್ದು ಹೇಗೆಂದು ನೋಡಲು ಅಷ್ಟು ದೂರದಿಂದ ಬಂದಿದ್ದರು. ಅವರು ಬಾವಿಗೆ ಇಳಿಯಹೋದರೆ ಶಂಕರಮ್ಮ ಅಡ್ಡ ನಿಂತಳು.

"ಮೊದಲು ಕಾಲು ತೋರ್ಸು ಅನ್ರಿ."

ಅಧಿಕಾರಿ ಗಾಬರಿಯಾದ. "ಏಯಮ್ಮ, ಅವರು ಪರದೇಶದ ದೊಡ್ಡ ಡಾಕ್ಟರು!"

"ಹೌದ್ರಿ ಸಾಹೇಬ್ರ, ನಾನೇ ಆಕಿ ಮಾತು ಕೇಳೀನಿ, ಅವರದೇನು?" ಎಂದು ಹಿಂದಿನಿಂದ ಕೂಗಿದವರು ಮಾಣಿಕಪ್ಪನವರು. ಈಗ ಆ ಕತೆಯನ್ನು ಎಲ್ಲರಿಗಿಂತ ಹೆಚ್ಚು ಹೆಮ್ಮೆಯಿಂದ ಹೇಳುವವರು ಅವರೇ.

ವೈಜಿನಾಥ ಅಂಜುತ್ತಂಜುತ್ತ ಇಂಗ್ಲಿಷಿನಲ್ಲಿ ತಿಳಿಸಿದ. ಡಾಕ್ಟರು ಜೋರಾಗಿ ನಕ್ಕು, ಬೂಟು ಕಳಚಿ, ಪ್ಯಾಂಟು ಮೇಲೇರಿಸಿದರು. ಹಿಮ್ಮಡಿಯ ಮೇಲೆ ದುಂಡನೆಯ, ಸುಕ್ಕುಗಟ್ಟಿದ ಕಲೆ. ಶಂಕರಮ್ಮ ಬಾಗಿ ನೋಡಿದಳು. ಸೀರೆ ತುಸು ಎತ್ತಿ ತನ್ನ ಕಾಲನ್ನು ಅವರ ಕಾಲ ಪಕ್ಕದಲ್ಲಿಟ್ಟಳು. ಅದೇ ಕಲೆ, ಅದೇ ಜಾಗ.

ಡಾಕ್ಟರು ಮೆಲ್ಲಗೆ ಏನೋ ಹೇಳಿದರು. "ಸಣ್ಣವ್ರಿದ್ದಾಗ ಆಗಿತ್ತಂತ. ಅವ್ರೂರಾಗ ಇನ್ನೂ ಹೋಗಿಲ್ಲಂತ. ಏನ್ ಮಾಡ್ಬೇಕಂತ ನಿಮ್ಮನ್ನೇ ಕೇಳ್ಲಾಕತ್ಯಾರ" ಎಂದ ವೈಜಿನಾಥ.

ಶಂಕರಮ್ಮ ರಾಟಿಯಿಂದ ನೀರು ಸೇದಿ, ಅರಿವೆಯಲ್ಲಿ ಸೋಸಿ, ತಂಬಿಗೆಯನ್ನು ಅವರ ಕೈಗಿಟ್ಟಳು. ಬದುಕಿನಲ್ಲಿ ಬೀದರಿನ ಆಚೆಗೆ ಹೋಗದಿದ್ದವಳು ಸಮುದ್ರದಾಚೆಯ ಊರಿಗೆ ಬುದ್ಧಿ ಹೇಳಿದಳು.

"ಹೇಳು ಅವ್ರಿಗಿ. ಔಷಧ ದೇಶದೇಶದೋರು ಕೊಡ್ತಾರ. ನಿಮ್ಮೂರ ಬಾವೀ ಮ್ಯಾಲ ಮಾತ್ರ ನಿಮ್ಮೂರಾಕಿನ್ನೇ ನಿಂದ್ರಸ್ರಿ. ಬಾಯಿ ಜೋರಿದ್ದಾಕಿ ಇರ್ಲಿ."

ಡಾಕ್ಟರು ನೀರು ಕುಡಿದು ಕೈ ಮುಗಿದರು. ಶಂಕರಮ್ಮ ಅಧಿಕಾರಿಯ ಕಡೆ ತಿರುಗಿದಳು.

"ಸಾಹೇಬ್ರ, ನಿಮ್ಮ ಕಾಲು ಇನ್ನೂ ತೋರಿಸಿಲ್ಲ ನೀವು."