ಟೆಸ್ಟ್ ಮಾಡಲು ಕುಳಿತವರು

ದೋಹಾದ ಬಿಸಿಯನ್ನು ರಾತ್ರಿಯಿಡೀ ಉಂಡವರು, ಹಗಲಿಡೀ ನಮ್ಮ ಎ.ಸಿ. ರಿಪೇರಿ ಮಾಡುತ್ತಿದ್ದವರೇ.

ಮದೀನತ್ ಖಲೀಫಾ ಬಡಾವಣೆಯ ನಮ್ಮ ಮನೆಗೆ ಬರುತ್ತಿದ್ದ ಬಂಟ್ವಾಳದ ಮೆಕ್ಯಾನಿಕ್ ಅವರಲ್ಲೊಬ್ಬರು. ವಿಂಡೋ ಎ.ಸಿ.ಗೆ ಅಂಗೈಯೊಡ್ಡಿ, ಕಣ್ಣು ಮುಚ್ಚಿ, "ಗಾಳಿ ಉಂಟು, ತಂಪಿಲ್ಲ" ಎನ್ನುತ್ತಿದ್ದರು. ಒಂದು ಜುಲೈಯಲ್ಲಿ, ಸುಟ್ಟ ಕೆಪಾಸಿಟರ್ ಬದಲಿಸಿದ ಮೇಲೂ ಅವರು ಹೊರಡಲಿಲ್ಲ.

"ಇನ್ನೂ ಸರಿಯಾಗ್ಲಿಲ್ವಾ?" ಎಂದೆ.

"ಖಲಾಸ್ ಅಕ್ಕ, ಕೆಲಸ ಮುಗೀತು. ಸ್ವಲ್ಪ ಟೆಸ್ಟ್ ಮಾಡ್ತೇನೆ."

ಗೋಡೆಗೊರಗಿ ನಿದ್ದೆಹೋದರು. ಎಚ್ಚರವಾದಾಗ ನಾಚಿ ನಕ್ಕರು: "ಲೇಬರ್ ಕ್ಯಾಂಪಿನ ನಮ್ಮ ರೂಮಿನ ಎ.ಸಿ.ಗೂ ಇದೇ ಕಾಯಿಲೆ. ಸಾಮಾನು ಕೇಳಿದ್ರೆ, ಅದು ಗಿರಾಕಿಗಳಿಗೆ ಮಾತ್ರ ಅಂತಾರೆ ಕಂಪನಿಯವರು."

ಇಂದಿಗೂ ಕೋಣೆ ತಂಪಾದೊಡನೆ ಗೋಡೆಯ ಆ ಬುಡವನ್ನು ನೋಡುತ್ತೇನೆ. ಅವರು ಇನ್ನಷ್ಟು ಹೊತ್ತು ಟೆಸ್ಟ್ ಮಾಡಬಾರದಿತ್ತೇ ಎನಿಸುತ್ತದೆ.

ಕಂಪನಿಯ ಮಾಲೀಕರೇ, ಈ ಬೇಸಿಗೆಯ ಮೊದಲ ಕೆಪಾಸಿಟರನ್ನು ನಿಮ್ಮ ಮೆಕ್ಯಾನಿಕ್‌ಗಳು ಮಲಗುವ ಕೋಣೆಗೆ ಕೊಡಿ.