ಕಲ್ಲಿನ ಕೆಳಗಿನ ಇರುವೆಗಳು

ವೆಲಿಕಜ್ಜಿ ಸುಲಭಕ್ಕೆ ಯಾರನ್ನೂ ನಂಬಿದವಳಲ್ಲ. ಕ್ರುಶಾಕ್ ಹಳ್ಳಿಯಲ್ಲಿ ಯಾರಾದರೂ "ಅಕ್ಕ, ಹೊರಗೆ ಬಿಸಿಲು ಚೆನ್ನಾಗಿದೆ" ಅಂದರೆ ಸಾಕು, ಇವರು ನನ್ನನ್ನು ಮನೆಯಿಂದ ಹೊರಗೆ ಎಳೆಯುತ್ತಿರುವುದು ಯಾಕೆ ಎಂದು ಯೋಚಿಸುವಳು. ಪಾದ್ರಿ ತೀರ್ಥ ಚಿಮುಕಿಸಿದರೆ ಕೈಮೇಲೆ ಬಿದ್ದ ಹನಿಯನ್ನು ಮೂಸಿ ನೋಡುವಳು. ಇಂಥವಳ ಜೊತೆ ಗಂಡ ನೈದೆನ್ ಹೇಗೆ ಬಾಳಿದನೋ ದೇವರೇ ಬಲ್ಲ ಎಂದು ಊರು ಆಡಿಕೊಳ್ಳುತ್ತಿತ್ತು.

ಅವಳ ಪರವಾಗಿಯೂ ಒಂದು ಮಾತು ಹೇಳಬೇಕು. ಅವಳು ಲಂಗ ತೊಟ್ಟ ಹುಡುಗಿಯಾಗಿದ್ದಾಗ ಸಾಮೂಹಿಕ ಬೇಸಾಯ ಸಂಘದವರು ಬಂದು, "ಕುರಿ ನಿಮ್ಮವೇ, ಕೊಟ್ಟಿಗೆ ಮಾತ್ರ ನಮ್ಮದು" ಎಂದು ಹೇಳಿ ಅವಳ ಅಪ್ಪನ ಹಿಂಡನ್ನು ಹೊಡೆದುಕೊಂಡು ಹೋದರು. ಅಪ್ಪ ನಂಬಿದ. ಮುಂದಿನ ಚಳಿಗಾಲಕ್ಕೆ ತನ್ನದೇ ಕುರಿಗಳ ಉಣ್ಣೆಯನ್ನು ಅಂಗಡಿಯಿಂದ ಕೊಂಡು ತಂದ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ, ಅದರಲ್ಲಿ ತಪ್ಪೇನು? ವೆಲಿಕಾ ಅದೇ ಸಂಘದ ಕೊಟ್ಟಿಗೆಯಲ್ಲಿ ಮುಪ್ಪು ಬರುವವರೆಗೆ ಹಾಲು ಕರೆದಳು. ಸಂಘ ಮುರಿದುಬಿದ್ದ ವರ್ಷ, ಪಾಲಿಗೆ ಬಂದ ಕುರಿಗಳ ಹಲ್ಲು, ಗೊರಸು, ಕೆಚ್ಚಲು ಎಲ್ಲವನ್ನೂ ತಡವಿ ನೋಡಿ ಮನೆಗೆ ಹೊಡೆದುಕೊಂಡು ಬಂದಳು. ಆ ದಿನ ಅವಳು ಅತ್ತದ್ದನ್ನು ನೋಡಿದವನು ನೈದೆನ್ ಒಬ್ಬನೇ.

ಗಂಡನ ಮಾತಿಗೂ ಅವಳಲ್ಲಿ ಬೆಲೆ ಇರಲಿಲ್ಲ. ಅವನು ಹಿತ್ತಿಲಿಗೆ ಪ್ಲಮ್ ಗಿಡ ಬೇಡವೇ ಬೇಡ ಎಂದ. ಹಿತ್ತಿಲ ತುಂಬ ಪ್ಲಮ್ ಎದ್ದಿತು. ಪಾಪ, ಅದರ ರಾಕಿಯಾ ಸಾರಾಯಿ ಇಳಿಸಿಕೊಂಡು ಕುಡಿದೇ ಅವನು ದುಃಖ ಮರೆಯಬೇಕಾಯಿತು. ಬಾಗಿಲಿಗೆ ನೀಲಿ ಬಣ್ಣ ಹೊಡೆಯೋಣ ಎಂದ, ಹಸಿರು ಬಳಿದಳು. ಹೀಗೇ ನಡೆದಿತ್ತು ಸಂಸಾರ.

ಈ ಚಳಿಗಾಲ ಮಾತ್ರ ವೆಲಿಕಜ್ಜಿಯನ್ನು ಶ್ವಾಸಕೋಶದ ಜ್ವರ ಹಿಡಿದು ಹಣ್ಣು ಮಾಡಿಬಿಟ್ಟಿತು. ಎದ್ದಳು, ಆದರೆ ಮಂಡಿಗಳು ಹಿಂದಿನಂತೆ ಮಾತು ಕೇಳಲಿಲ್ಲ. ಆಗ ಶುರುವಾಯಿತು ನೋಡಿ, ಕುರಿ ಮಾರು ಎಂಬ ರಾಗ. ಪಕ್ಕದ ಮನೆಯ ಗಿನಾ, "ಅಕ್ಕ, ಇನ್ನಾದ್ರೂ ಒಲೆ ಮುಂದೆ ಕಾಲು ಚಾಚ್ಕೊಂಡು ಕೂತ್ಕೊಳ್ಳಿ" ಅಂದಳು. ಜೇನು ಸಾಕುವ ಸಾವ್ಕೊ, "ಇಡೀ ಹಿಂಡು ನಾನೇ ತಗೋತೀನಿ ವೆಲಿಕಕ್ಕ, ಲಾಝರನ ಶನಿವಾರದ ಹಬ್ಬದೊಳಗೆ ಹೇಳ್ಬಿಡಿ" ಅಂದ. ನೈದೆನ್ ಅಂತೂ ಬೆಳಗ್ಗೆ ಎದ್ದರೆ ಅದೇ ಜಪ: "ಮಾರ್ಬಿಡೇ, ಮಾರ್ಬಿಡೇ."

ಎಲ್ಲರೂ ಒಂದೇ ಮಾತು ಹೇಳಿದರೆ ಅದರಲ್ಲಿ ಏನೋ ಇದೆ ಎಂದು ಅವಳಿಗೆ ಅನ್ನಿಸಿತು. ಆದರೆ ಈ ಸಲ ಮೈಯೂ ಅದೇ ಮಾತು ಹೇಳುತ್ತಿತ್ತಲ್ಲ! ಅದಕ್ಕೇ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕುರಿ ಹೋದರೆ ತನಗೆ ಉಳಿಯುವುದೇನು? ಇಟ್ಟುಕೊಂಡರೆ ನೋಡಿಕೊಳ್ಳುವ ತ್ರಾಣ ಎಲ್ಲಿದೆ?

ಮಾರ್ಚ್ ಒಂದರಂದು ಎಂದಿನಂತೆ ಕೆಂಪು, ಬಿಳಿ ಉಣ್ಣೆಯ ಎಳೆಗಳನ್ನು ಹೊಸೆದು ಮಾರ್ತೆನಿತ್ಸ ಎಂಬ ಹಬ್ಬದ ದಾರ ಮಾಡಿದಳು. ಗಂಡನ ಕೈಗೆ ಕಟ್ಟಿದಳು, ತನ್ನ ಕೈಗೆ ಕಟ್ಟಿಕೊಂಡಳು, ಮರಿಗಳ ಕೊರಳಿಗೂ ಒಂದೊಂದು ಕಟ್ಟಿದಳು. ಮಾರ್ಚ್ ತಿಂಗಳನ್ನು ಆಳುವ ಮುಂಗೋಪಿ ಮಾರ್ತಜ್ಜಿ ಹಿಮವನ್ನು ಹಿಂದೆಗೆದುಕೊಂಡು ವಸಂತವನ್ನು ಬಿಟ್ಟುಕೊಡಬೇಕಲ್ಲ, ಅವಳನ್ನು ಒಲಿಸಿಕೊಳ್ಳದೆ ವಿಧಿಯಿಲ್ಲ. ತಿಂಗಳ ನಡುವೆ ಹೊಳೆಯ ಮೇಲೆ ಮೊದಲ ಕೊಕ್ಕರೆ ಕಂಡಿತು. ವೆಲಿಕಜ್ಜಿ ರೂಢಿಯಂತೆ ಕೈಯ ದಾರ ಬಿಚ್ಚಿ ಬಾವಿಕಟ್ಟೆಯ ಬಳಿ ಒಂದು ಕಲ್ಲಿನಡಿ ಇಟ್ಟು, ಎಲ್ಲರೆದುರು ಸಾರಿದಳು:

"ಇರುವೆ ಕೂತಿದ್ರೆ ಹಿಂಡು ಬೆಳೆಯತ್ತೆ ಅಂತ, ಮಾರಲ್ಲ. ಜೇಡ ಕೂತ್ರೆ, ಇಲ್ಲಾ ಬರಿದಾಗಿದ್ರೆ, ಸಾವ್ಕೊ ಹೊಡ್ಕೊಂಡು ಹೋಗ್ಲಿ. ಮನುಷ್ಯರ ಬಾಯಿ ನಂಬಕ್ಕಾಗಲ್ಲ. ಕಲ್ಲಿಗೆ ನನ್ನತ್ರ ಏನೂ ಆಗ್ಬೇಕಾಗಿಲ್ಲ."

ವಾರ ಕಳೆದು ಒಬ್ಬಳೇ ಹೋಗಿ ಕಲ್ಲೆತ್ತಿದಳು. ಇರುವೆಯೋ ಇರುವೆ! ದಾರವೇ ಕಾಣದಷ್ಟು ಮುತ್ತಿದ್ದವು. ಬೇರೆ ಯಾರಾಗಿದ್ದರೂ ಶಿಲುಬೆ ಹಾಕಿಕೊಂಡು ಕುಣಿಯುತ್ತಿದ್ದರು. ಇವಳು ದಾರವನ್ನು ಎತ್ತಿ, ಇರುವೆ ಕೊಡವಿ, ನಾಲಿಗೆಗೆ ಮುಟ್ಟಿಸಿಕೊಂಡಳು.

ಸಿಹಿ. ಜೇನುತುಪ್ಪ!

ಮೈಯೆಲ್ಲ ಉರಿದುಹೋಯಿತು. ಜೇನು ಅಂದರೆ ಸಾವ್ಕೊನೇ ಎನ್ನೋಣವೆಂದರೆ ಅವನ ಜೇನು ಊರಿನ ಪ್ರತಿ ಮನೆಯಲ್ಲೂ ಇತ್ತು. ಆದರೂ ಅವನ ಮೇಲೆ ಅನುಮಾನ ಬಂತು. ಕೊಳ್ಳುವವನೇ ಮಾರಬೇಡ ಅನ್ನುವ ಸಂಕೇತ ಯಾಕೆ ಹೂಡಿದ? ಮುಂದಿನ ಚಳಿಗಾಲ ನಾನು ಸತ್ತ ಮೇಲೆ ಪುಕ್ಕಟೆ ಹೊಡೆದುಕೊಳ್ಳಲಿಕ್ಕೇ ಇರಬೇಕು! ಆಮೇಲೆ ಗಿನಾ ನೆನಪಾದಳು. ವಾರವಾರ ಗಿಣ್ಣು, ಮೊಸರು ಅಂತ ಪಾತ್ರೆ ಹಿಡಿದು ಬರುವವಳು, ಬಾಯಲ್ಲಿ ಮಾರಿ ಅಂತಾಳೆ, ಹೊಟ್ಟೆ ಬೇರೆ ಹೇಳತ್ತೆ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಗಂಡನ ಹೆಸರು ಕೊನೆಯಲ್ಲಿ ಬಂತು, ಅದೂ ಲೆಕ್ಕ ತಪ್ಪಬಾರದೆಂದು. ಮಾರು ಮಾರು ಎಂದು ಕಿವಿ ತೂತು ಮಾಡಿದವನು ಇರುವೆ ಕರೆದು ತರುತ್ತಾನೆಯೇ?

ಬಾಯಿ ಬಿಡದೆ ಉಪಾಯ ಹೂಡಿದಳು. ಕೋಳಿ ಕೆದಕಿ ಕಲ್ಲು ಮಗುಚಿತು, ಆ ಶಕುನ ನಡೆಯುವುದಿಲ್ಲ ಎಂದು ಸುದ್ದಿ ಹಬ್ಬಿಸಿದಳು. ಮರಿಗಳ ಕೊರಳಿನ ಮೂರು ದಾರ ಬಿಚ್ಚಿ, ಮೂರು ಕಡೆ ಇಟ್ಟಳು. ಸಾವ್ಕೊನನ್ನು ಕರೆದು, "ನಿನಗೊಬ್ನಿಗೇ ಹೇಳ್ತಿದೀನಿ ಕಣಪ್ಪ, ಅಕ್ರೋಟ್ ಮರದಡಿ ಇಟ್ಟಿದೀನಿ" ಅಂದಳು. ಗಿನಾಗೆ, ಬೇಲಿಯ ಮೂಲೆ ಅಂದಳು. ಊಟಕ್ಕೆ ಕೂತಾಗ ಗಂಡನ ಕಿವಿಯಲ್ಲಿ, "ದೊಡ್ಡಿಯ ಹಿಂದೆ, ಚಪ್ಪಟೆ ಕಲ್ಲು. ಯಾರ ಹತ್ರಾನೂ ಬಾಯಿ ಬಿಡ್ಬೇಡ" ಅಂದಳು.

"ನನಗ್ಯಾಕೆ ಹೇಳ್ತೀಯಾ? ಆ ಕುರಿಗಳ ಕಾಟ ಒಂದು ತೊಲಗಿದ್ರೆ ಸಾಕಾಗಿದೆ ನಂಗೆ," ಎಂದು ನೈದೆನ್ ಬ್ರೆಡ್ಡು ಮುರಿದ.

ಲಾಝರನ ಶನಿವಾರ ಬೆಳಗ್ಗೆ, ಹೂ ಮುಡಿದ ಹುಡುಗಿಯರು ಮನೆಮನೆಗೆ ಹಾಡಿಕೊಂಡು ಹೊರಟಿದ್ದಾಗ, ವೆಲಿಕಜ್ಜಿ ಕೋಲೂರಿಕೊಂಡು ಸುತ್ತಿದಳು. ಅಕ್ರೋಟ್ ಮರದಡಿ ಏನೂ ಇಲ್ಲ. ಬೇಲಿಯ ಮೂಲೆಯಲ್ಲಿ ಒಂದು ಎರೆಹುಳು. ದೊಡ್ಡಿಯ ಹಿಂದೆ ಹೋಗಿ ಚಪ್ಪಟೆ ಕಲ್ಲನ್ನು ಎತ್ತಿದಳು. ಇರುವೆಗಳು ಗಿಜಿಗುಡುತ್ತಿದ್ದವು.

ಕಲ್ಲನ್ನು ಮೆಲ್ಲಗೆ ಇದ್ದಲ್ಲೇ ಇಟ್ಟಳು. ಅಂಗಳಕ್ಕೆ ಬಂದಾಗ ನೈದೆನ್ ಗುದ್ದಲಿಗೆ ಕಾವು ಹಾಕುತ್ತಿದ್ದ.

"ಕೈ ತೋರಿಸು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೈದೆನ್ ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಮುದುಕಪ್ಪ! ಮಾರು ಅಂತ ಬೊಬ್ಬೆ ಹೊಡ್ದೋನು ನೀನು. ಕಲ್ಲಡಿ ಜೇನು ಹುಯ್ದೋನೂ ನೀನು. ಯಾವುದಯ್ಯ ನಿಜ?"

"ಜೇನು," ಎಂದ ಅವನು, ತಲೆ ಬಗ್ಗಿಸಿಕೊಂಡು. "ಇಟ್ಕೋ ಅಂದಿದ್ರೆ ನೀನು ಅವತ್ತೇ ಸಾವ್ಕೊ ಗೇಟಿಗೆ ಕಟ್ಟಿ ಬರ್ತಿದ್ದೆ. ಇಷ್ಟು ವರ್ಷ ನಿನ್ನ ಜೊತೆ ಬಾಳಿದೀನಿ, ನನಗೆ ಅಷ್ಟೂ ಗೊತ್ತಾಗಲ್ವೇನೇ? ಮನುಷ್ಯರಿಗಾದ್ರೆ ತಿರುಗಾಮುರುಗಾ ಹೇಳಿ ಸರಿ ಮಾಡ್ಬೋದು. ನೀನು ಕಲ್ಲಿನ ಮೇಲೆ ಬಿಟ್ಟೆ. ಕಲ್ಲಿಗೆ ಏನ್ ಹೇಳ್ಲಿ?"

ಪ್ಲಮ್ ಗಿಡ, ಹಸಿರು ಬಾಗಿಲು, ಎಲ್ಲವೂ ಒಟ್ಟಿಗೇ ವೆಲಿಕಜ್ಜಿಯ ಕಣ್ಣ ಮುಂದೆ ಬಂದು ನಿಂತವು. ಇವನು ತನ್ನನ್ನು ಹಿಂದಿನಿಂದ ಕುರಿ ಹೊಡೆದ ಹಾಗೆ ಹೊಡೆದುಕೊಂಡು ಬಂದನೇ? ನಾಚಿಕೆಯಾಯಿತು, ಸಿಟ್ಟು ಬಂತು. ಅದರ ಹಿಂದೆಯೇ ಮತ್ತೊಂದು ಅನುಮಾನವೂ ತಲೆಯೆತ್ತಿತು.

"ನಿಂಗೇನ್ ಲಾಭ ಇದ್ರಲ್ಲಿ? ಹುಲ್ಲು ಹೊರೋನು ನೀನು, ಸಗಣಿ ಬಾಚೋನು ನೀನು. ಕುರಿ ಯಾಕ್ ಬೇಕು ನಿಂಗೆ?"

ನೈದೆನ್ ಗುದ್ದಲಿ ಕೆಳಗಿಟ್ಟ.

"ಜ್ವರದಲ್ಲಿ ಮಲಗಿದ್ದೆಯಲ್ಲ, ಆಗ ನಾನು ಹಾಸಿಗೆ ಪಕ್ಕ ಕೂತು ವೆಲಿಕಾ ವೆಲಿಕಾ ಅಂತ ಕರೆದೂ ಕರೆದೂ ಗಂಟಲು ಕಟ್ಟಿಹೋಯ್ತು. ನೀನು ಕಣ್ಣೇ ಬಿಡ್ಲಿಲ್ಲ. ಆಮೇಲೆ ದೊಡ್ಡಿಯಲ್ಲಿ ಒಂದು ಕುರಿ ಮರಿ ಹಾಕಕ್ಕಾಗ್ದೆ ಅರಚಿಕೊಳ್ತು. ಎದ್ದು ಕೂತೆ ನೀನು." ಅವನು ಮೂಗೊರೆಸಿಕೊಂಡ. "ನಾನು ಕರೆದ್ರೆ ನೀನು ಏಳಲ್ಲ ಕಣೇ. ಅದಕ್ಕೇ ಅವು ಇರ್ಲಿ ಅಂದ್ಕೊಂಡೆ. ನನಗೆ ಭಯ."

ವೆಲಿಕಜ್ಜಿ ಆ ಮಾತನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು. ಎಲ್ಲಿಯೂ ಮೋಸ ಸಿಗಲಿಲ್ಲ.

"ನನ್ಹತ್ರ ನೆಟ್ಟಗೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನಂಬ್ತಿದ್ಯಾ?"

"ಇಲ್ಲ," ಎಂದಳು. ಹೇಳಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ಸಾವ್ಕೊನ ಟೆಂಪೊ ಬಾಗಿಲಿಗೆ ಬಂತು. ಅವನು ಇಳಿಯುತ್ತಲೇ, "ಏನಂತು ವೆಲಿಕಕ್ಕ ನಿಮ್ಮ ಕಲ್ಲು? ಹೊಡ್ಕೊಂಡು ಹೋಗ್ಲಾ?" ಎಂದ.

"ನನ್ನ ಕೇಳ್ಬೇಡ. ಅವನನ್ನ ಕೇಳು."

ಸಾವ್ಕೊ ನಗಲಿಕ್ಕೆ ಹೊರಟವನು ಅವಳ ಮುಖ ನೋಡಿ ನೈದೆನ್ ಕಡೆ ತಿರುಗಿದ. ನೈದೆನ್ ಹೆಂಡತಿಯ ಕಡೆ ನೋಡಿದ. ಅವಳು ಸೆರಗಿನಂತೆ ಹೊದ್ದಿದ್ದ ತಲೆವಸ್ತ್ರದ ತುದಿಯನ್ನು ತಿರುಚುತ್ತ ನೆಲ ನೋಡುತ್ತಿದ್ದಳು. ಅವಳ ಎದುರಿಗೆ ಮನಸ್ಸಿನಲ್ಲಿದ್ದದ್ದನ್ನೇ ಹೇಳಿ ಅವನಿಗೆ ಅಭ್ಯಾಸವೇ ಇರಲಿಲ್ಲ.

"ಮಾರಲ್ಲ," ಎಂದ ಕೊನೆಗೆ, ಕಳ್ಳತನ ಒಪ್ಪಿಕೊಂಡವನ ದನಿಯಲ್ಲಿ. ಹೇಳಿ, ಅವಳು ಈಗ ತಿರುಗಿಬೀಳುತ್ತಾಳೆಂದು ಕಾದು ನಿಂತ.

ವೆಲಿಕಜ್ಜಿ ತಲೆಯೆತ್ತಿದಳು.

"ಕೇಳಿಸ್ತಲ್ಲಪ್ಪ ಸಾವ್ಕೊ," ಎಂದಳು. "ನನ್ನ ಗಂಡ ಹೇಳ್ದ ಹಾಗೆ."